ಕ್ಯಾಮೆರಾ ಕೇಳಿದ್ದಕ್ಕೆಲ್ಲ ಹೂಂ ಅಂದ ಶಿವಬಸಮ್ಮ

ಯಲಬುರ್ಗಾ ಸೀಮೆಯ ಮಂಗಳೂರು ಎಂಬ ಹಳ್ಳಿಯ ಶಿವಬಸಮ್ಮನ ತಾಯಿ ಗುರುಬಸವ್ವ ತೀರಿಕೊಂಡು ಆರು ದಿನವಾಗಿತ್ತು. ಹನ್ನೊಂದನೆಯ ದಿನ ಶಿವಗಣಾರಾಧನೆ. ಆವತ್ತು ಹಾರ ಹಾಕಿ ಇಡಲು ಒಂದು ಫೋಟೋ ಬೇಕು. ಎಲ್ಲಿದೆ ಫೋಟೋ? ತೊಡಕಿದ್ದದ್ದು ಅಲ್ಲೇ.

ಮುದುಕಿ ಜೀವಮಾನವೆಲ್ಲ ಕ್ಯಾಮೆರಾಕ್ಕೆ ಬೆನ್ನು ತೋರಿಸಿದವಳು. "ಫೋಟೋ ತಗಸ್ಕೊಂಡ್ರ ಆಯುಷ್ಯ ಕಡಿಮಿ ಆಕ್ಕೈತಿ" ಎನ್ನುತ್ತಲೇ ಎಂಬತ್ತೊಂಬತ್ತು ದಾಟಿದಳು. ಆಧಾರ್ ಕಾರ್ಡಿನಲ್ಲಿ ಕಪ್ಪಗೊಂದು ಮುಖವಿತ್ತು. ಅದು ತನ್ನದೆಂದು ಅವಳೇ ಒಪ್ಪಿರಲಿಲ್ಲ. ಮಣ್ಣಿಗೆ ಒಯ್ಯುವ ಮುನ್ನ ಹೆಣವನ್ನು ಕೂಡಿಸಿದ್ದಾಗ ಯಾರೋ ಮೊಬೈಲಿನಲ್ಲಿ ತೆಗೆದಿದ್ದರು. ಅದಕ್ಕೆ ಹಾರ ಹಾಕುವುದೇ? ಶಿವಶಿವಾ! ಶಿವಬಸಮ್ಮನ ಜೀವ ಒಪ್ಪಲಿಲ್ಲ.

"ಅಷ್ಟಕ್ಕ ಯಾಕ ಚಿಂತಿ ಮಾಡ್ತಿ?" ಎಂದ ಗಂಡ ಉಮಾಪತಿ. "ಶಿವಲೀಲಾನ ಕುಬಸದಾಗ ತಗದಾವ ಅದಾವಲ್ಲ."

ಹೌದು. ಬಸುರಿ ಮಗಳು ಶಿವಲೀಲಾಳಿಗೆ ಹದಿನೈದು ದಿನದ ಹಿಂದೆ ಮನೆಯಲ್ಲೇ ಕುಬಸ, ಅಂದರೆ ಸೀಮಂತ, ಮಾಡಿದ್ದರು. ಮೊಮ್ಮಗಳ ಆಸೆಗೆ ಮುದುಕಿ ಮೊದಲ ಸಲ ಕ್ಯಾಮೆರಾ ಮುಂದೆ ಕೂತಿದ್ದಳು. ಶಿವಬಸಮ್ಮನ ಮಗ, ಸಾಲಿ ಮಾಸ್ತರ ಶರಣಕುಮಾರ, "ಎಲ್ಲಾರೂ ಮೊಬೈಲ್ ಒಳಗ ಇಡ್ರಿ, ನಾ ಛಲೋತ್ನ್ಯಾಗ ತಗೀತೀನಿ" ಎಂದು ತನ್ನ ಹೊಸ ಕ್ಯಾಮೆರಾ ಹಿಡಿದು ಕುಣಿದಾಡಿದ್ದ. ಆಮೇಲೆ ಪರೀಕ್ಷೆಯ ಗದ್ದಲದಲ್ಲಿ ಆ ಚೀಲವನ್ನೇ ಬಿಚ್ಚಿರಲಿಲ್ಲ.

ಈಗ ಬಿಚ್ಚಿದ. ಕ್ಯಾಮೆರಾದೊಳಗೆ ಒಂದೇ ಒಂದು ಫೋಟೋ ಇಲ್ಲ!

ಯಾಕೆ ಇಲ್ಲವೆಂದು ಶಿವಬಸಮ್ಮನಿಗೊಬ್ಬಳಿಗೇ ಗೊತ್ತಿತ್ತು.

ಕುಬಸದ ದಿನ ಎಲ್ಲರೂ ಉಣ್ಣಲು ಕೂತಾಗ ಅವಳು ಫೋಟೋ ನೋಡುವ ಆಸೆಗೆ ಕ್ಯಾಮೆರಾ ಎತ್ತಿಕೊಂಡಿದ್ದಳು. ಬೆಳಕು ಮಿಂಚಿದ ಕೆಲವು ಫೋಟೋಗಳಲ್ಲಿ ಮುದುಕಿ ಕಣ್ಣು ಮುಚ್ಚಿದ್ದಳು. ಕಣ್ಣು ಮುಚ್ಚಿದ ಫೋಟೋ ಬಸುರಿ ಇರುವ ಮನೆಯಲ್ಲಿ ಇರಬಾರದೆಂದು ಶಿವಬಸಮ್ಮನ ನಂಬಿಕೆ. ಅಳಿಸುವ ಗುಂಡಿ ಯಾವುದೆಂದು ಮಗ ತೋರಿಸಿದ್ದ, ಒತ್ತಿದಳು. ಕ್ಯಾಮೆರಾ ಇಂಗ್ಲಿಷಿನಲ್ಲಿ ಏನೋ ಕೇಳಿತು. ಹೂಂ ಎಂದು ಒತ್ತಿದಳು. ಮತ್ತೇನೋ ಕೇಳಿತು. ಅದಕ್ಕೂ ಹೂಂ. ಅಷ್ಟೇ, ಎಲ್ಲವೂ ಮಂಗಮಾಯ! ಮಗನಿಗೆ ಹೇಳಲು ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಬರುವುದರೊಳಗೆ ತಾಯಿಯೇ ಹೋಗಿಬಿಟ್ಟಳು.

"ಕಾರ್ಡ್ ಕೆಟ್ಟೈತೇನೋ. ಒಂದ್ ನಾಕ್ ಫೋಟೋ ಹೊಡದು ನೋಡ್ತೀನಿ," ಎಂದು ಶರಣಕುಮಾರ ಕ್ಯಾಮೆರಾ ಕಣ್ಣಿಗೆ ಹಿಡಿದ.

"ಏ ತಮ್ಮಾ, ತಡಿ! ಒತ್ತಬ್ಯಾಡ!"

ಬಾಗಿಲಲ್ಲಿ ರಜಿಯಾಬೇಗಂ ನಿಂತಿದ್ದಳು. ಪಕ್ಕದ ಮನೆಯವಳು, ಸಾವಿನ ಮನೆಗೆಂದು ದಿನವೂ ರೊಟ್ಟಿ ಪಲ್ಯ ಕಟ್ಟಿಕೊಂಡು ಬರುತ್ತಿದ್ದಳು. ಕುಷ್ಟಗಿಯ ಒಂದು ಸ್ಟುಡಿಯೋದಲ್ಲಿ ಆರು ವರ್ಷ ದುಡಿದು, ಈಗ ಊರ ಗ್ರಂಥಾಲಯದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಬುತ್ತಿ ಕೆಳಗಿಟ್ಟವಳೇ ಕ್ಯಾಮೆರಾ ಇಸಿದುಕೊಂಡು ಬಂದ್ ಮಾಡಿದಳು.

"ಫೋಟೋ ತಾವಾಗೇ ಹೋದ್ವೋ, ಯಾರರ ಅಳಸ್ಯಾರೋ? ಖರೇ ಹೇಳ್ರಿ. ಬೈಯಾಕಲ್ಲ, ಹುಡಕಾಕ ಬೇಕು."

ಶಿವಬಸಮ್ಮ ಮುಂದೆ ಬಂದಳು. "ನಾನ, ರಜಿಯಾ. ನನ್ನ ಕೈಯಾರೆ ನಾನ ಅಳಿಸೀನಿ. ನಮ್ಮವ್ವನ್ನ ನಾನ ಕಳಕೊಂಡೀನಿ," ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

"ಅಳಬ್ಯಾಡ್ರಿ ಅಕ್ಕಾರ. ಹೇಳಿದ್ದು ಭಾಳ ಛಲೋ ಆತು. ಅದರ ಮ್ಯಾಲ ಬ್ಯಾರೆ ಫೋಟೋ ತಗದಿಲ್ಲಲ್ಲ? ಹಂಗಾರ ಸಿಗತಾವ."

ಉಮಾಪತಿ ನಕ್ಕುಬಿಟ್ಟ. "ಅಳಿಸಿದ್ದು ಹ್ಯಾಂಗ ಸಿಗತೈತಿ ತಂಗಿ? ಮಿಂಚಿದ್ದಕ್ಕ ಚಿಂತಿ ಮಾಡಿ ಫಲ ಇಲ್ಲ. ಕೊಪ್ಪಳದಾಗ ಚಿತ್ರ ಬರಿಯಾವರು ಅದಾರ. ಅಂದಾಜಿನ ಮ್ಯಾಲ ಬರದು ಕೊಡತಾರ."

"ಅಂದಾಜಿನ ಅವ್ವ ನನಗ ಬ್ಯಾಡ," ಎಂದಳು ಶಿವಬಸಮ್ಮ.

"ಅಣ್ಣಾರ, ಒಂದು ಮಾತು ಕೇಳ್ತೀನಿ. ಪಹಣಿ ಉತಾರದಾಗಿನ ಹೆಸರು ಹೊಡದುಹಾಕಿದ್ರ ಹೊಲ ಎಲ್ಲೆರ ಓಡಿ ಹೋಕ್ಕೈತೇನ್ರಿ?"

"ಹೊಲ ಎಲ್ಲಿ ಹೋಕ್ಕೈತಿ?"

"ಇದೂ ಹಂಗ ನೋಡ್ರಿ. ಅಳಸ್ರಿ ಅಂದ್ರ ಕ್ಯಾಮೆರಾ ಬರೇ ಹೆಸರು ತಗೀತೈತಿ. ಫೋಟೋ ಕಾರ್ಡಿನಾಗ ಹಂಗ ಇರತೈತಿ. ಆದ್ರ ಹೊಲ ಖಾಲಿ ಐತಂತ ತಿಳದು ಯಾರರ ರಂಟಿ ಹೊಡದು ಉಳುಮಿ ಮಾಡಿದ್ರ, ಇದ್ದ ಬೆಳಿ ಮುಗೀತು. ಈಗ ಈ ತಮ್ಮ ಹೊಡೀತಿದ್ದ ನೋಡ್ರಿ, ಆ ನಾಕ ಫೋಟೋನ ರಂಟಿ!"

ಉಮಾಪತಿ ಮೀಸೆ ತಿರುವಿದ. ಮಾತು ಸರಿ ಅನಿಸಿತು, ಆದರೆ ಒಪ್ಪಿಕೊಳ್ಳಲು ಬಿಗುಮಾನ. "ಆತು, ನೋಡೇಬಿಡೂಣು ನಡೀರಿ," ಎಂದ.

ರಜಿಯಾಬೇಗಂ ಕಾರ್ಡು ಹೊರಗೆ ತೆಗೆದಳು. ಅದರ ಮಗ್ಗುಲಲ್ಲಿದ್ದ ಚಿಕ್ಕ ಬೀಗದ ಗುಂಡಿಯನ್ನು ಕೆಳಗೆ ಸರಿಸಿದಳು. "ಇನ್ನ ಇದರಾಗ ಹೊಸಾದು ಏನೂ ಬರಿಯಾಕ ಬರಂಗಿಲ್ಲ," ಎಂದಳು.

ಗ್ರಂಥಾಲಯದಲ್ಲಿ ಕಾರ್ಡು ಕಂಪ್ಯೂಟರಿಗೆ ಹಾಕಿದ ಕೂಡಲೇ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬಂತು. "ಹೂಂ ಅನ್ನು, ಹೂಂ ಅನ್ನು," ಎಂದು ಉಮಾಪತಿ ಅವಸರ ಮಾಡಿದ.

"ಅನ್ನಬಾರ್ದು ಅಣ್ಣಾರ! ಫಾರ್ಮ್ಯಾಟ್ ಮಾಡಿ ಕಾರ್ಡೆಲ್ಲ ಒರಸಿಬಿಡ್ಲಿ ಏನಂತ ಕೇಳಾಕತ್ತೈತಿ. ತಿಳೀಲಾರದ ಪ್ರಶ್ನಿಗೆ ಹೂಂ ಅನಬಾರ್ದು."

ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ಆ ಕಂಪ್ಯೂಟರಿನಲ್ಲಿತ್ತು. ಪುಕ್ಕಟೆಯದು, ಸ್ಟುಡಿಯೋದಲ್ಲಿದ್ದಾಗ ಅವಳು ಎಷ್ಟೋ ಸಲ ಬಳಸಿದ್ದು. "ಸಿಕ್ಕಿದ್ದನ್ನ ಇದೇ ಕಾರ್ಡಿಗೆ ಹಾಕಬಾರ್ದು, ಕಂಪ್ಯೂಟರಿನಾಗ ಬ್ಯಾರೆ ಕಡೆ ಇಡಬೇಕು," ಎಂದು ಹೇಳಿ ಕೆಲಸ ಹಚ್ಚಿದಳು. ಎಲ್ಲರೂ ಕೂತರು. ಒಂದು ತಾಸಾಯಿತು. ಶಿವಬಸಮ್ಮ ಮನಸ್ಸಿನಲ್ಲೇ ಬಸವಣ್ಣನನ್ನು ನೆನೆಯುತ್ತಿದ್ದಳು.

ಮೊದಲು ಸಾಲಿಯ ಧ್ವಜಾರೋಹಣ ಬಂತು. ಆಮೇಲೆ ಅರ್ಧ ಬೂದಿ ಬಣ್ಣವಾದ ಒಂದೆರಡು. "ಇಷ್ಟ ಏನು?" ಎಂದು ಉಮಾಪತಿ ಏಳಲು ಹೋದ. ಅಷ್ಟರಲ್ಲಿ ಹಸಿರು ಸೀರೆಯ ಶಿವಲೀಲಾ ಕಂಡಳು. ಅವಳ ಪಕ್ಕದಲ್ಲಿ ಗುರುಬಸವ್ವ! ಮೊಮ್ಮಗಳ ಬಾಯಿಗೆ ಹೋಳಿಗೆ ಇಡುತ್ತ, ಹಲ್ಲಿಲ್ಲದ ಬಾಯಿ ತುಂಬ ನಗುತ್ತಿದ್ದಾಳೆ. ಎರಡೂ ಕಣ್ಣು ತೆರೆದು ನೆಟ್ಟಗೆ ನೋಡುತ್ತಿದ್ದಾಳೆ.

"ಅವ್ವಾ!" ಎಂದು ಶಿವಬಸಮ್ಮ ಪರದೆಯನ್ನೇ ಮುಟ್ಟಿದಳು.

ಉಮಾಪತಿ ಕಣ್ಣೊರೆಸಿಕೊಂಡ. "ರಜಿಯಾ, ಮೊದ್ಲ ಇದನ್ನ ಎರಡು ಕಡೆ ಇಡವ್ವ. ಶರಣ್ಯಾನ ಮೊಬೈಲ್‌ಗೂ ಹಾಕು. ನನ್ನ ಮೊಬೈಲ್‌ಗೂ ಹಾಕು. ಇನ್ನ ಕೇಳಿದ್ದಕ್ಕೆಲ್ಲ ಹೂಂ ಅನ್ನಾಂಗಿಲ್ಲ ನಾ!"

ಹನ್ನೊಂದನೆಯ ದಿನ ಆ ನಗುಮುಖಕ್ಕೇ ಹಾರ ಬಿತ್ತು. ಬಂದ ಬೀಗರೆಲ್ಲ "ಮುದುಕಿ ಈಗ ಮಾತಾಡ್ತಾಳ ಅನಸ್ತೈತಿ" ಎಂದರು.

ಮುಂದಿನ ವಾರ ಸ್ವಸಹಾಯ ಸಂಘದ ಸಭೆಯಲ್ಲಿ ಶಿವಬಸಮ್ಮ ತಾನಾಗಿ ಎದ್ದು ನಿಂತಳು. "ಅಳಿಸಿದ್ದು ನನ್ನ ತಪ್ಪು, ಖರೇ. ಆದ್ರ ಅಂಜಿ ಮುಚ್ಚಿಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು. ಅಷ್ಟರಾಗ ಮಗ ಸಾಲಿ ಹುಡುಗರ ಫೋಟೋ ತಗದಿದ್ರ ನಮ್ಮವ್ವ ಎರಡನೇ ಸಲ ಸಾಯ್ತಿದ್ಲು," ಎಂದಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಯಾರದೋ ಬೆರಳು ಜಾರಿ ಫೋಟೋ ಅಳಿಸಿ ಹೋದರೆ ಗಾಬರಿಯಾಗಬೇಡಿ, ಬೈಯಬೇಡಿ, ಮುಚ್ಚಿಡಬೇಡಿ. ಆ ಕ್ಷಣವೇ ಕ್ಯಾಮೆರಾ ಬಂದ್ ಮಾಡಿ, ಕಾರ್ಡು ಹೊರಗೆ ತೆಗೆದಿಡಿ. ಅದರ ಮೇಲೆ ಇನ್ನೊಂದು ಫೋಟೋ ತೆಗೆಯಬೇಡಿ, ಫಾರ್ಮ್ಯಾಟ್ ಮಾಡಬೇಡಿ. ತಿಳಿದವರ ಬಳಿ ಒಯ್ಯಿರಿ, ಕೆಲಸ ಮುಗಿಯುವ ತನಕ ಪಕ್ಕದಲ್ಲೇ ಕೂತಿರಿ. ಎಲ್ಲವೂ ಸಿಗುತ್ತವೆಂದು ಯಾರೂ ಆಣೆ ಮಾಡಲಾರರು. ಬೇಗ ಹೋದಷ್ಟೂ ಹೆಚ್ಚು ಸಿಗುತ್ತವೆ. ಸಿಕ್ಕಿದ್ದನ್ನು ಎರಡು ಕಡೆ ಇಡಿ.

ಇನ್ನೊಂದು ಮಾತು. ನಿಮ್ಮ ಮನೆಯ ಹಿರಿಯರು ಈಗ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರೆ, ಈ ಹಾಳೆ ಕೆಳಗಿಟ್ಟು ಮೊದಲು ಅವರದೊಂದು ಫೋಟೋ ತೆಗೆಯಿರಿ. ಎಂಥ ಜಾಣರು ಬಂದರೂ, ತೆಗೆಯದೇ ಬಿಟ್ಟ ಫೋಟೋವನ್ನು ಹುಡುಕಿಕೊಡಲಾರರು.