ಪೂಜೆಗೆ ಇಡದ ಪುಸ್ತಕಗಳು

ಹರಿಪ್ರಿಯಾ ಒಳಗೆ ಹೋಗಿ ಹೂವಿನ ಬುಟ್ಟಿ ತರುವಷ್ಟರಲ್ಲಿ ಸರಸ್ವತಿಯ ಮಣೆಯ ಮೇಲಿದ್ದ ಮೂರು ಕಾದಂಬರಿಗಳು ಮಾಯವಾಗಿದ್ದವು. ಅವುಗಳ ಜಾಗದಲ್ಲಿ ಕೋಚಿಂಗ್ ಕ್ಲಾಸಿನ ದಪ್ಪ ಗೈಡುಗಳು. ಭಾವ ಭೋಜರಾಜ ಆಗಲೇ ಆವಾಹನೆ ಮುಗಿಸಿ ಅಕ್ಷತೆ ಹಾಕುತ್ತಿದ್ದರು.

"ನನ್ನ ಪುಸ್ತಕಗಳೆಲ್ಲಿ?"

"ಅದೆಲ್ಲ ಪುಸ್ತಕವೇನಮ್ಮ? ಕಾಡು, ಕಡಲು, ಕಳ್ಳರು. ಹುಡುಗರಿಗೆ ದಶಮಿ ದಿನವೇ ಟೆಸ್ಟು. ದೇವರ ಹತ್ರ ಇಡಬೇಕಾದ್ದು ಇದು."

ಕಾದಂಬರಿಗಳು ವಾಷಿಂಗ್ ಮೆಷಿನ್ ಮೇಲೆ, ಸೋಪಿನ ಪುಡಿಯ ಪಕ್ಕದಲ್ಲಿ ಸಿಕ್ಕವು. ಅವಳು ಸೆರಗಿನಿಂದ ಒರೆಸಿದಳು.

ಆ ಮೂರನ್ನು ಆರಿಸಲು ಮನೆಯಿದ್ದ ತಾಂಬರಂನಿಂದ ಪೇಟೆಗೆ ರೈಲು ಹತ್ತಿ ಹಳೇ ಪುಸ್ತಕದ ಅಂಗಡಿಗಳನ್ನೆಲ್ಲ ಸುತ್ತಿದ್ದಳು. ಮಗ ಸತ್ಯಾತ್ಮನಾಗಲಿ ಭಾವನ ಮಗ ಕಿಟ್ಟುವಾಗಲಿ ಇದುವರೆಗೆ ಒಂದು ಕಥೆಪುಸ್ತಕವನ್ನೂ ಮುಗಿಸಿದವರಲ್ಲ. ಸಂಕ್ಷಿಪ್ತ ಮಾಡಿ ಕೊನೆಗೆ ಪ್ರಶ್ನೆ ಕೇಳುವ ಪುಸ್ತಕಗಳನ್ನು ಅವಳು ಮುಟ್ಟಲಿಲ್ಲ. ಹತ್ತು ಪುಟ ಬರೀ ಬೆಟ್ಟದ ವರ್ಣನೆ ಇದ್ದದ್ದನ್ನು ಕೆಳಗಿಟ್ಟಳು. ಮೂರನೇ ಪುಟಕ್ಕೇ ದೋಣಿ ಮುಳುಗಬೇಕು, ಇಲ್ಲದಿದ್ದರೆ ಈ ಹುಡುಗರು ಫೋನಿಗೆ ವಾಪಸ್ಸು. ಹಾಗೆ ಹುಡುಕಿ ತಂದು, ವಿಜಯದಶಮಿಗೆ ಇವನ್ನೇ ತೆರೆದು ಓದು ಶುರುಮಾಡಲಿ ಎಂದು ಮಣೆಯ ಮೇಲಿಟ್ಟಿದ್ದಳು.

ಒಂದು ಮಾತು ಆಡಿದರೆ ಹತ್ತು ಬಂದುಬಿಡುತ್ತದೆಂದು ಹಲ್ಲು ಕಚ್ಚಿ ಬಡಿಸಿದಳು. ಭಾವನ ಎಲೆಗೆ ಪಾಯಸ ಸ್ವಲ್ಪ ಜೋರಾಗಿಯೇ ಬಿತ್ತು.

ಊಟವಾದ ಮೇಲೆ ಭೋಜರಾಜ ಕೂಗಿದರು. "ಕಿಟ್ಟೂ, ಸತ್ಯಾ, ಆ ಗೈಡ್ ತೊಗೊಂಡ್ಬನ್ನಿ. ನಾಲ್ಕನೇ ಚಾಪ್ಟರ್."

"ಏನೋ ಭೋಜಾ?" ಊಂಜಲಿನ ತೂಗುಮಣೆಯ ಮೇಲೆ ಅತ್ತೆ ಅಂಬುಜಮ್ಮ ಎದ್ದು ಕೂತರು. "ಪೂಜೆಗಿಟ್ಟದ್ದು. ನಾಳೆ ವಿಸರ್ಜನೆ ಆಗೋವರೆಗೂ ಯಾರೂ ಮುಟ್ಟೋ ಹಾಗಿಲ್ಲ."

"ಅಮ್ಮಾ, ನಾಳೆ ಟೆಸ್ಟು."

"ನೀಂಗದಾನೇಪ್ಪಾ ವೆಚ್ಚೀಂಗ," ಇಟ್ಟದ್ದು ನೀವೇ ತಾನೆ ಎಂದು ಕಿಟ್ಟು ತಮಿಳಿನಲ್ಲಿ ಹೇಳಿ, ಹೊಡೆತಕ್ಕೆ ಸಿಗದಷ್ಟು ದೂರ ಸರಿದ.

ಹರಿಪ್ರಿಯಾ ಕಾದಂಬರಿಗಳನ್ನು ತಂದು ಹುಡುಗರ ಮುಂದಿಟ್ಟಳು.

"ಇವತ್ತು ಯಾವ ಪುಸ್ತಕವೂ ಓದಬಾರದು ಮಾ," ಎಂದರು ಅಂಬುಜಮ್ಮ. "ನಿನಗೆ ಗೊತ್ತಿಲ್ಲವೇ?"

"ಗೊತ್ತು ಅತ್ತೆ. ಆದರೆ ಇವು ಪುಸ್ತಕ ಅಲ್ಲವಂತೆ. ಭಾವನವರೇ ದೇವರ ಮುಂದೆ ನಿಂತು ಹೇಳಿದ್ದಾರೆ." ಒಂದೊಂದು ಮಾತನ್ನೂ ತೂಗಿ ಆಡಿದಳು. ಆದರೂ ದನಿ ಒಡೆಯಿತು. "ಸೋಪಿನ ಪುಡಿ ಜೊತೆ ಇಟ್ಟಿದ್ದರು."

ಅಂಬುಜಮ್ಮ ಮಗನ ಮುಖ ನೋಡಿದರು. "ಹಾಗೆ ಹೇಳಿದೆಯೇನೋ?"

ಭೋಜರಾಜ ಎದ್ದು ಮಣೆಯ ಹತ್ತಿರ ಹೋದರು.

"ಅವನು ಆವಾಹನೆ ಮಾಡಿದವನು. ಅವನ ಮಾತು ಸುಳ್ಳಾಗಬಾರದು," ಎಂದು ಅಂಬುಜಮ್ಮ ಕಾಲಿನಿಂದ ನೆಲ ತಳ್ಳಿ ಊಂಜಲು ತೂಗಿಕೊಂಡರು. "ಓದ್ಕೊಳ್ಳಿ."

ಹುಡುಗರಿಬ್ಬರೂ ಒಂದೇ ಪುಸ್ತಕದ ಮುಂದೆ ಬೋರಲು ಬಿದ್ದರು. "ತಿರುಗಿಸ್ಬೇಡ, ಇರು," ಎಂದ ಕಿಟ್ಟು. ಹರಿಪ್ರಿಯಾ ಬಾಗಿಲಿಗೆ ಒರಗಿ ನಿಂತೇ ಇದ್ದಳು. ಮುಷ್ಟಿ ಇನ್ನೂ ಬಿಚ್ಚಿರಲಿಲ್ಲ.

ಮಣೆಯ ಮೇಲೆ ಸೇವಂತಿಗೆಯೊಂದು ಗೈಡಿನ ಅಂಚಿಗೆ ಜಾರಿತ್ತು. ಭೋಜರಾಜ ಬಗ್ಗಿ, ರಟ್ಟಿಗೆ ಬೆರಳು ತಾಗದ ಹಾಗೆ, ಅದನ್ನು ಎತ್ತಿ ಮೇಲಿಟ್ಟರು. ಅವರ ಬೆನ್ನ ಹಿಂದೆ ಮೂರನೇ ಪುಟ ತಿರುವಿದ ಸದ್ದಾಯಿತು.