ಕುದುರೆಗೆ ಹನ್ನೊಂದು ತಿಂಗಳು

ಬಸ್ಸಿನ ಏಜೆಂಟ ಬರೀ ಬೈದಿದ್ದರೆ ಜಟ್ಟಿಂಗಪ್ಪ ಎರಡು ಏಟು ಕೊಟ್ಟು ಬಿಡುತ್ತಿದ್ದನೋ ಏನೋ. ಆದರೆ ಆ ಪುಣ್ಯಾತ್ಮ ಒದ್ದದ್ದು ಕುದುರೆಗೆ. ಅದೂ ಹೊಟ್ಟೆಗೆ. ಸಾಗರದ ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾ ನಿಲ್ಲುವ ಜಾಗ ತನ್ನ ಬಸ್ಸಿಗೆ ಬೇಕಾಗಿತ್ತು, ಎಂಟು ತಿಂಗಳ ಗಬ್ಬದ ಕುದುರೆ ಬೇಗ ಸರಿಯಲಿಲ್ಲ, ಬೂಟುಗಾಲಲ್ಲಿ ಒದ್ದ. ಜಟ್ಟಿಂಗಪ್ಪ ಚಾವಟಿಯ ಬೆತ್ತವನ್ನು ತಿರುಗಿಸಿ ಹಿಡಿದು ಅದರ ಬುಡದಿಂದ ಅವನ ಬಾಯಿಗೇ ಬಾರಿಸಿದ. ಹಲ್ಲು ನಾಲ್ಕು ಉದುರಿದವು. ಬಿದ್ದವನ ಹಿಮ್ಮಡಿಯ ಮೇಲೆ ನಿಂತು ತುಳಿದ. ಇಬ್ಬರು ಪೊಲೀಸರು ಬಂದು ಕಿತ್ತು ಎಳೆಯುವವರೆಗೂ ತುಳಿಯುತ್ತಲೇ ಇದ್ದ.

ಮ್ಯಾಜಿಸ್ಟ್ರೇಟರು ಆರು ವಾರ ಎಂದರು.

ಅವತ್ತು ಸ್ಟೇಷನ್ನಿನ ಮುಂದಿನಿಂದ ಪೊಲೀಸರು ಎಳೆದುಕೊಂಡು ಹೋಗುವಾಗ ಗುಂಪಿನಲ್ಲಿ ಅಣ್ಣ ವಾಸಪ್ಪನ ಮುಖ ಕಂಡಿತು. "ಶರಾವತೀನ ನೋಡ್ಕೋ" ಎಂದು ಜಟ್ಟಿಂಗಪ್ಪ ಕೂಗಿದ. ಅಷ್ಟೇ. ಹೆಚ್ಚು ಮಾತಾಡಿ ಅಭ್ಯಾಸವಿದ್ದ ಮನುಷ್ಯನಲ್ಲ. ಮೂವತ್ತೈದಾದರೂ ಯಾರೂ ಹೆಣ್ಣು ಕೊಟ್ಟಿರಲಿಲ್ಲ, ಕೊಡುವ ಧೈರ್ಯ ಯಾರಿಗಿತ್ತು?

ಶರಾವತಿ ಎಂದರೆ ಕುದುರೆ. ಲಿಂಗನಮಕ್ಕಿಯಲ್ಲಿ ಶರಾವತಿ ಹೊಳೆಗೆ ಕಟ್ಟೆ ಏಳುತ್ತಿದ್ದ ಕಾಲ. ನೀರಲ್ಲಿ ಮುಳುಗುವ ಊರಿನ ಪಟೇಲರೊಬ್ಬರು ಎತ್ತಿನ ಗಾಡಿ ಹೊಡೆದುಕೊಂಡು ಹೊರಟವರು ಕುದುರೆಯನ್ನು ಕೈಗೆ ಬಂದಷ್ಟಕ್ಕೆ ಕೊಟ್ಟು ಹೋದರು. ಶಿವರಾತ್ರಿಯ ದಿನ ಜಟ್ಟಿಂಗಪ್ಪ ಅದನ್ನು ಹೊಸನಗರದ ತನಕ ನಡೆಸಿಕೊಂಡು ಹೋಗಿ ಗಂಡು ಕುದುರೆಗೆ ಕೊಡಿಸಿದ್ದ. ಅಂದಿನಿಂದ ಅಮಾವಾಸ್ಯೆಗೊಂದರಂತೆ ಲಾಯದ ಕಂಬಕ್ಕೆ ಇದ್ದಿಲಲ್ಲಿ ಗೀಟು. ಹನ್ನೊಂದು ಗೀಟಾದರೆ ಮರಿ. ಕುದುರೆ ವ್ಯಾಪಾರದ ಮುದುಕ ಸಾಬರೊಬ್ಬರು ಹೇಳಿದ ಲೆಕ್ಕ ಅದು. ಹುರುಳಿ ಬೇಯಿಸಿ, ನೀರು ಬಸಿದು, ಆರಿಸಿ ಹಾಕುತ್ತಿದ್ದ. ಗರಿಕೆಯನ್ನು ಮಣ್ಣು ಹೋಗುವಂತೆ ತೊಳೆದು ಹಾಕುತ್ತಿದ್ದ. ಮೇಲೆ ಒಂದು ಉಂಡೆ ಬೆಲ್ಲ, ಒಂದು ಚಿಟಿಕೆ ಉಪ್ಪು. ತಾನು ಗಂಜಿ ಕುಡಿದು ಮಲಗಿದ ದಿನವೂ ಕುದುರೆಗೆ ಹುರುಳಿ ತಪ್ಪಿರಲಿಲ್ಲ.

ಇದೆಲ್ಲ ಅವನ ತಲೆಯಲ್ಲಿತ್ತು. ವಾಸಪ್ಪನಿಗೆ ಹೇಳಿದವರು ಯಾರು?

ವಾಸಪ್ಪ ದನದ ಮನುಷ್ಯ. ಅವನ ಉದ್ದನೆಯ ತೆಳ್ಳಗಿನ ಕೈಗೆ ಸುತ್ತಲಿನ ಏಳೂರಲ್ಲಿ ಹೆಸರಿತ್ತು. ಹೊಟ್ಟೆಯೊಳಗೆ ಅಡ್ಡ ಸಿಕ್ಕ ಕರುವನ್ನು ಕಣ್ಣುಮುಚ್ಚಿ ತಿರುಗಿಸಿ ತೆಗೆಯುತ್ತಿದ್ದ. ಯಾರ ಮೇಲೂ ಕೈಯೆತ್ತಿದವನಲ್ಲ. ತಮ್ಮನ ಕುದುರೆಯನ್ನು ತನ್ನ ಹಸುವಿನಂತೆಯೇ ನೋಡಿಕೊಂಡ, ಅದೇ ತಪ್ಪಾಯಿತು. ಅಕ್ಕಿ ತೊಳೆದ ನೀರು, ತೌಡು, ಮಿಕ್ಕ ಗಂಜಿ ಎಲ್ಲ ಸೇರಿ ಹುಳಿಯೆದ್ದ ಕಲಗಚ್ಚನ್ನು ದಿನಕ್ಕೆರಡು ಕೊಡ ಕುಡಿಸಿದ. ಹಸು ಮೆಲುಕು ಹಾಕಿ ಅರಗಿಸುತ್ತದೆ. ಕುದುರೆಗೆ ಮೆಲುಕೂ ಇಲ್ಲ, ವಾಂತಿಯೂ ಇಲ್ಲ.

ಶಿವರಾತ್ರಿಯಿಂದ ಬೆರಳು ಮಡಚಿ ಎಣಿಸಿದ. ಒಂಬತ್ತು ತಿಂಗಳ ಮೇಲೆ ಹತ್ತು ದಿನ, ದನದ ಲೆಕ್ಕದಲ್ಲಿ ದಿನ ತುಂಬಿತು. ಅದೇ ವಾರ ಕುದುರೆ ನೆಲ ಕೆರೆಯಿತು, ತಿರುತಿರುಗಿ ಹೊಟ್ಟೆ ನೋಡಿಕೊಂಡಿತು, ಬೆವರಿ ಉರುಳಾಡಿತು. ಹೆರಿಗೆ ನೋವು, ಕರು ಸಿಕ್ಕಿಹಾಕಿಕೊಂಡಿದೆ ಎಂದು ವಾಸಪ್ಪ ನೆರೆಯ ಮೂವರನ್ನು ಕರೆದುಕೊಂಡು ಬಂದ.

ಜಟ್ಟಿಂಗಪ್ಪ ಜೈಲಿನಿಂದ ಬಂದದ್ದು ಆ ಬೆಳಿಗ್ಗೆಯೇ. ಅಂಗಳದಲ್ಲಿ ಕುದುರೆಯನ್ನು ಕೆಡವಿ ನಾಲ್ಕು ಕಾಲಿಗೂ ಹಗ್ಗ ಬಿಗಿದಿದ್ದರು. ಒಬ್ಬ ಕುತ್ತಿಗೆಯ ಮೇಲೆ ಕೂತಿದ್ದ, ಇಬ್ಬರು ಹಗ್ಗ ಜಗ್ಗುತ್ತಿದ್ದರು, ಅಣ್ಣ ಮೊಣಕೈವರೆಗೆ ಹರಳೆಣ್ಣೆ ಸವರಿಕೊಂಡು ಬಾಲದ ಹತ್ತಿರ ಮಂಡಿಯೂರಿದ್ದ. ಜಟ್ಟಿಂಗಪ್ಪ ಏನು ಎತ್ತ ಎಂದು ಕೇಳಲಿಲ್ಲ. ಗೋಡೆಗೆ ಒರಗಿಸಿದ್ದ ಒನಕೆ ಎತ್ತಿಕೊಂಡ. ಮೊದಲ ಏಟು ಕುತ್ತಿಗೆಯ ಮೇಲೆ ಕೂತವನ ಬೆನ್ನಿಗೆ. ಎರಡನೆಯದು ಆ ಎಣ್ಣೆಯ ಕೈಗೆ. ಒಣಗಿದ ಅಡಕೆ ದಬ್ಬೆ ಮುರಿದಂಥ ಸದ್ದು ಬಂತು. ಹಗ್ಗ ಹಿಡಿದವರು ಬೇಲಿ ಹಾರಿದರು.

ವಾಸಪ್ಪ ಮೂಳೆ ಎದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. "ಕರು ಒಳಗೇ ಸಾಯ್ತದೆ ಕಣೋ ಜಟ್ಟಿ" ಎಂದ.

"ಇವಳ ಮೈ ಮುಟ್ಟಿದ್ರೆ ಆ ಕೈನೂ ಮುರೀತೀನಿ."

ಹಗ್ಗ ಬಿಚ್ಚಿದ. ಹನ್ನೊಂದಾಗಿರಲಿಲ್ಲ, ಇದು ಹೆರಿಗೆಯಲ್ಲ, ಹೊಟ್ಟೆಶೂಲೆ. ಬಿಸಿನೀರಿಗೆ ಇಂಗು ಕದಡಿ ಕುಡಿಸಿದ. ಸಂಜೆಯವರೆಗೂ ನಿಲ್ಲಲು ಬಿಡದೆ ನಡೆಸಿದ. ಉರುಳಲು ಹೋದಾಗಲೆಲ್ಲ ಅಳುತ್ತ ಚಾವಟಿಯಲ್ಲಿ ಹೊಡೆದ. ಹೌದು, ಅವನೇ, ಶರಾವತಿಯನ್ನೇ. ಹೊತ್ತು ಇಳಿಯುವಾಗ ಕುದುರೆ ಹುಳಿ ನಾರುವ ಲದ್ದಿ ಹಾಕಿ, ಮೈ ಕೊಡವಿ ನಿಂತಿತು. ಹೊಟ್ಟೆಯಲ್ಲಿ ಮರಿ ಹೊರಳಿದ್ದು ಅವನ ಅಂಗೈಗೆ ಸಿಕ್ಕಿತು.

ಆಮೇಲೆ ಏಳು ವಾರ. ಒಂದೇ ಮನೆ, ನಡುವೆ ಒಂದು ಗೋಡೆ. ಆ ಕಡೆ ನಾಟಿ ವೈದ್ಯ ಬಂದು ಬಿದಿರು ಸೀಳು ಕಟ್ಟಿ ಹೋದ. ವಾಸಪ್ಪ ಮಗ್ಗುಲಾದಾಗಲೆಲ್ಲ ನರಳುವುದು ಈ ಕಡೆ ಕೇಳುತ್ತಿತ್ತು. ಅವನ ಹೆಂಡತಿ ಕೆರಿಯಮ್ಮ ಅನ್ನ ಕಲಸಿ ತಿನ್ನಿಸುವ ಬಳೆಯ ಸದ್ದೂ ಕೇಳುತ್ತಿತ್ತು. ಜಟ್ಟಿಂಗಪ್ಪ ಹುರುಳಿ ಬೇಯಿಸುತ್ತಿದ್ದ. ಆ ಬಾಗಿಲಿಗೆ ಹೋಗಲಿಲ್ಲ.

ಹನ್ನೊಂದನೆಯ ಗೀಟು ಎಳೆದು ವಾರಕ್ಕೆ, ಬೆಳಗಿನ ರೈಲು ಕೂಗುವ ಹೊತ್ತಿಗೆ ಕುದುರೆ ಮಲಗಿತು. ನೀರು ಒಡೆಯಿತು. ಒಂದು ಗೊರಸು ಬಂತು, ಅದರ ಮೇಲೆ ಮೂತಿಯ ತುದಿ ಬಂತು. ಇನ್ನೊಂದು ಗೊರಸು ಬರಲಿಲ್ಲ. ಕುದುರೆ ಮುಕ್ಕಿತು, ಮುಕ್ಕಿತು, ಕಣ್ಣು ಮೇಲೆ ಮಾಡಿತು. ಜಟ್ಟಿಂಗಪ್ಪ ಕೈ ಹಾಕಿ ತಡಕಾಡಿದ, ಯಾವುದು ಏನೆಂದೇ ತಿಳಿಯಲಿಲ್ಲ. ಸಾಕಿ ಗೊತ್ತಿತ್ತು, ಹೆರಿಸಿ ಗೊತ್ತಿರಲಿಲ್ಲ. ಹಸು ಅರ್ಧ ದಿನ ತಡೆಯುತ್ತದೆ, ಕುದುರೆಯ ಮರಿ ಅರ್ಧ ಗಂಟೆಯಲ್ಲಿ ಉಸಿರು ಕಟ್ಟಿ ಸಾಯುತ್ತದೆ. ಇದನ್ನೂ ಆ ಸಾಬರೇ ಹೇಳಿದ್ದರು.

ಬಾಗಿಲು ತೆಗೆದವಳು ಕೆರಿಯಮ್ಮ. ನೆತ್ತರು ಮೆತ್ತಿದ ಅವನ ಕೈಯನ್ನು ನೋಡಿದಳು.

"ಏನ, ಇನ್ನೊಂದು ಕೈ ಉಳೀತು ಅಂತ ಬಂದ್ಯಾ?"

ಅವನು ಅವಳ ತಲೆಯ ಮೇಲಿಂದ ಒಳಗೆ ನೋಡಿದ. "ಅಣ್ಣ, ಒಂದೇ ಕಾಲು ಬಂದಿದೆ."

ವಾಸಪ್ಪ ಎದ್ದು ಬಂದ. ಬಲಗೈ ಸೊಟ್ಟಗೆ ಕೂಡಿತ್ತು, ಬೆರಳು ಮಡಚಲು ಬರುತ್ತಿರಲಿಲ್ಲ. ಎಡಗೈ ಮುಷ್ಟಿ ಕಟ್ಟಿ ತಮ್ಮನ ಬಾಯಿಗೆ ಗುದ್ದಿದ. ತುಟಿ ಸೀಳಿತು. ಇನ್ನೊಂದು ಮೂಗಿಗೆ. ಮತ್ತೊಂದು ಹೊಟ್ಟೆಗೆ. ಜಟ್ಟಿಂಗಪ್ಪ ಕೈ ಇಳಿಬಿಟ್ಟುಕೊಂಡು ನಿಂತು ತಿಂದ, ಬಿದ್ದ, ಎದ್ದು ಮತ್ತೆ ಅಲ್ಲೇ ನಿಂತ.

"ಹರಳೆಣ್ಣೆ ತಗಂಬಾ" ಎಂದ ವಾಸಪ್ಪ, ಹೆಂಡತಿಗೆ.

ಕುದುರೆಯ ಹಿಂದೆ ಕೂತು ತಮ್ಮನ ಕೈಗೆ ಎಣ್ಣೆ ಸುರಿಸಿದ. "ಅವಳು ಮುಕ್ಕಿದಾಗ ಸುಮ್ನಿರು. ಬಿಟ್ಟಾಗ ಮರಿ ಎದೆ ಹಿಡಿದು ಹಿಂದಕ್ಕೆ ತಳ್ಳು. ಕುತ್ತಿಗೆ ಕೆಳಗೆ ಹೋಗು. ಮಂಡಿ ಸಿಕ್ತಾ?"

ಸಿಕ್ಕಿತು. ಅಷ್ಟರಲ್ಲಿ ಕುದುರೆ ಮುಕ್ಕಿತು. ಮೂಳೆಗೂ ಮೂಳೆಗೂ ನಡುವೆ ಕೈ ಸಿಕ್ಕಿ ಗಾಣಕ್ಕೆ ಕೊಟ್ಟಂತಾಯಿತು. ಜಟ್ಟಿಂಗಪ್ಪನ ಗಂಟಲಿನಿಂದ ಎಂಥದೋ ಸ್ವರ ಹೊರಟಿತು.

"ನೋಯ್ತದಾ?"

"ನೋಯ್ತದೆ."

"ನೋಯ್ಲಿ. ಕೈ ತೆಗೀಬೇಡ."

ಮೂರು ಸಲ ಹಾಗೆ ಅರೆಯಿತು. ನಾಲ್ಕನೆಯ ಸಲ ಬಿಟ್ಟಾಗ, ಗರ್ಭದ ಚೀಲ ಹರಿಯದಂತೆ ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿ ಎಂದ ವಾಸಪ್ಪ, ಹಿಡಿದ. ಈಗ ಎಳಿ ಎಂದ, ಎಳೆದ. ಎರಡನೆಯ ಗೊರಸು ಹೊರಬಂತು, ಹಿಂದೆಯೇ ತಲೆ, ಭುಜ, ಬಿಸಿನೀರಿನ ಜೊತೆ ಇಡೀ ಮರಿ ಅವನ ಮಡಿಲಿಗೆ ಜಾರಿತು. ಉಸಿರಿರಲಿಲ್ಲ. ವಾಸಪ್ಪ ಹುಲ್ಲಿನ ಕಡ್ಡಿಯನ್ನು ಅದರ ಮೂಗಿಗೆ ಹಾಕಿ ತಿರುವಿದ, ಮಡಚದ ಬಲಗೈಯಲ್ಲೇ ಪಕ್ಕೆಗೆ ಪಟಪಟ ಬಡಿದ. ಮರಿ ಸೀನಿತು. ಶರಾವತಿ ಕುತ್ತಿಗೆ ತಿರುಗಿಸಿ ನೆಕ್ಕತೊಡಗಿತು.

ವಾಸಪ್ಪ ಎಡಗೈಯಲ್ಲಿ ಹಿಡಿ ಹುಲ್ಲು ತೆಗೆದು ಮರಿಯ ಮೈ ಒರೆಸಿದ.

"ದನಕ್ಕೆ ಒಂಬತ್ತು" ಎಂದ ವಾಸಪ್ಪ. "ಇದಕ್ಕೆಷ್ಟು?"

"ಹನ್ನೊಂದು."

"ಸ್ಟೇಷನ್ನಾಗೇ ಹೇಳ್ಬೋದಿತ್ತಲ. ಬಾಯಿ ಬಾಡಿಗೆಗೆ ಕೊಟ್ಟಿದ್ಯಾ?"

ಬಾಣಂತಿಗೆ ಬಿಸಿ ಇರಲಿ ಎಂದು ಕೆರಿಯಮ್ಮ ಅಷ್ಟರಲ್ಲಿ ಒಂದು ಕೊಡ ಕಲಗಚ್ಚು ಕಾಯಿಸಿ ತಂದಿದ್ದಳು. ಜಟ್ಟಿಂಗಪ್ಪನ ಕೈ ಕೊಡ ಕೆಡವಲು ಮೇಲೆದ್ದಿತು. ಊದಿದ ಆ ಕೈಯನ್ನು ಅವನೇ ನೋಡಿ ಕೆಳಗಿಳಿಸಿದ.

"ಅತ್ಗೆ, ಅದು ಕುದುರೆಗೆ ಆಗಲ್ಲ" ಎಂದ. ಸೀಳಿದ ತುಟಿಯಲ್ಲಿ ಮಾತು ಒಂದೊಂದಾಗಿ ಬಂತು. "ಅವತ್ತು ಹೊಟ್ಟೆ ಉಬ್ಬರಿಸಿದ್ದು ಅದೇಯ. ಅಣ್ಣಂಗೆ ನಾನು ಹೇಳಿರ್ಲಿಲ್ಲ. ಹುರುಳಿ ಬೇಯಿಸ್ಬೇಕು. ನೀರು ಬಸೀಬೇಕು. ಆರಿದ ಮೇಲೆ ಬೆಲ್ಲ, ಆಮೇಲೆ ಉಪ್ಪು."

ಕೆರಿಯಮ್ಮ ಕೊಡವನ್ನು ನೆಲಕ್ಕಿಟ್ಟಳು.

"ಉಪ್ಪು ಎಷ್ಟು?" ಎಂದಳು.