ಏಳನೆಯ ಲೂಸಿಯೆನ್

"ಹಲಗೇಲಿ ಜಾಗ ಇರ್ಲಿಲ್ವೇನೇ ದೆಲ್ಫಿನ್?" ಎಂದ ಅಲ್ಫೆ.

ಅಲ್ಫೆ ಅವಳ ದೊಡ್ಡಪ್ಪನ ಮಗ. ಎಪ್ಪತ್ತು ದಾಟಿದರೂ ದೋಣಿಗೆ ಹೋಗುವುದನ್ನು ಬಿಟ್ಟಿರಲಿಲ್ಲ, ಚುಚ್ಚುವುದನ್ನೂ ಬಿಟ್ಟಿರಲಿಲ್ಲ. ಇಗರ್ಜಿಯ ಸಭಾಂಗಣದ ಗೋಡೆಗೆ ಹೊಸ ಹಲಗೆ ತೂಗುಹಾಕಿ, ಸಮಾರಂಭದವರೆಗೆ ಇರಲಿ ಎಂದು ಮೇಜುಬಟ್ಟೆ ಇಳಿಬಿಟ್ಟಿದ್ದರು. ಅವನು ಅದರ ಅಂಚೆತ್ತಿ ಇಣುಕಿಯಾಗಿತ್ತು. ಕಂಕುಳಲ್ಲಿ ಹಳೇ ಅಂಗಿ ಸುತ್ತಿದ ಏನೋ ಇತ್ತು.

"ಆರು ಜನಕ್ಕೆ ಸರಿಹೋಯ್ತಣ್ಣ. ಏಳನೇದು ಇಕ್ಕಟ್ಟಾಗ್ತಿತ್ತು."

"ಬಿಷಪ್ ಲೂಸಿಯೆನ್‌ಗೆ ಮೂರು ಸಾಲು ಬರ್ಸಿದೀಯ. ಪುಣ್ಯಾತ್ಮ ಈ ಊರಲ್ಲಿದ್ದಿದ್ದೇ ಎಂಟು ವರ್ಷ. ಅದ್ರಲ್ಲೂ ನಾಲ್ಕು ವರ್ಷ ತೊಟ್ಟಿಲಲ್ಲಿ!"

ಈ ಕಡಲೂರಿನಲ್ಲಿ ಗಂಡುಮಗು ಹುಟ್ಟಿದರೆ ಇಗರ್ಜಿಯ ಸಂತನ ಹೆಸರಿಡುವುದು ಹಿಂದಿನಿಂದ ಬಂದ ರೂಢಿ. ಹಾಗಾಗಿ ಮೂರು ಮನೆಗೊಬ್ಬ ಲೂಸಿಯೆನ್. ಗುರುತಿಗೆ ಕಸುಬು ಸೇರಿಸುತ್ತಿದ್ದರು: ದೋಣಿ ಲೂಸಿಯೆನ್, ಪಿಟೀಲು ಲೂಸಿಯೆನ್. ಇಗರ್ಜಿಗೆ ನೂರೈವತ್ತು ತುಂಬಿದ ನೆಪದಲ್ಲಿ, ಹೆಸರಾದ ಲೂಸಿಯೆನ್‌ಗಳನ್ನೆಲ್ಲ ಒಂದು ಹಲಗೆಗೆ ಏರಿಸೋಣ ಎಂದಿತು ಸಮಿತಿ. ಏಳು ಹೆಸರು ಆರಿಸಿ, ಬರೆಯುವ ಕೆಲಸವನ್ನು ನಿವೃತ್ತ ಟೀಚರ್ ದೆಲ್ಫಿನ್‌ಗೆ ಕೊಟ್ಟಿತು. ಶುದ್ಧ ಪ್ರತಿ ಮಾಡುವಾಗ ಅವಳು ಕೊನೆಯ ಹೆಸರನ್ನು ಬಿಟ್ಟುಬಿಟ್ಟಳು. ಗಂಟೆ ಲೂಸಿಯೆನ್. ಅವಳ ಅಪ್ಪ.

ಇಗರ್ಜಿಯ ಗಂಟೆಯಲ್ಲ. ಊರಿನ ಕಕ್ಕಸುಗುಂಡಿಗಳನ್ನು ಬಳಿದು ಗಾಡಿಯಲ್ಲಿ ಸಾಗಿಸುವವನು ದಾರಿಯುದ್ದಕ್ಕೂ ಆಡಿಸುತ್ತಿದ್ದ ಕೈಗಂಟೆ. ಸದ್ದು ಕೇಳಿದೊಡನೆ ಹೆಂಗಸರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಮೂವತ್ತೆರಡು ವರ್ಷ ಆ ಗಂಟೆ ಊರಲ್ಲಿ ಓಡಾಡಿತ್ತು.

ಹನ್ನೊಂದಕ್ಕೆ ಪಾದ್ರಿಗಳು ಬಟ್ಟೆ ಸರಿಸಿದರು. ಚಪ್ಪಾಳೆ. ದೆಲ್ಫಿನ್ ಹಲಗೆಯ ಬುಡ ನೋಡಿದಳು. ಹಲಗೆಗೆ ಬಣ್ಣದಲ್ಲಿ ಅಕ್ಷರ ಬರೆದ ಮೆದಾರ್, ತನ್ನ ಪಾಡಿಗೆ ತಾನು, ಸಣ್ಣಕ್ಷರದಲ್ಲಿ ಒಂದು ಸಾಲು ಸೇರಿಸಿದ್ದ: 'ಪಟ್ಟಿ ಮಾಡಿದವಳು ಲೂಸಿಯೆನ್ ಮಗಳು ದೆಲ್ಫಿನ್.' ಅವನದೇನು ತಪ್ಪು? ಊರಲ್ಲಿ ಅವಳನ್ನು ಕರೆಯುವುದೇ ಹಾಗೆ.

ಮಾಂಕ್ಟನ್ ನಗರದಿಂದ ಅತಿಥಿಯಾಗಿ ಬಂದಿದ್ದ ಕಾಲೇಜು ಮೇಡಂ ಅದನ್ನು ಓದಿ ಹಿಗ್ಗಿದರು. "ಓ, ಇವರಲ್ಲೊಬ್ರು ನಿಮ್ ತಂದೇನಾ! ಯಾರಮ್ಮ?"

ಇಡೀ ಸಭಾಂಗಣಕ್ಕೆ ಉತ್ತರ ಗೊತ್ತಿತ್ತು. ದೆಲ್ಫಿನ್‌ಳ ಬೆರಳು ತಾನಾಗಿ ಮೇಲೆದ್ದು ಎರಡನೆಯ ಹೆಸರಿನ ಮೇಲೆ ನಿಂತಿತು. ದೋಣಿ ಲೂಸಿಯೆನ್.

ಯಾರೂ ನಗಲಿಲ್ಲ. ಒಬ್ಬರಾದರೂ ನಕ್ಕಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ದೋಣಿ ಲೂಸಿಯೆನ್‌ನ ನಿಜವಾದ ಮಗಳು ಜೆಲಿಕಾ ಕೋಳಿಸಾರಿನ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದಳು. "ಹೌದು ಮೇಡಂ, ನಾವಿಬ್ರೂ ಒಂದೇ ಅಂಗಳದಲ್ಲಿ ಬೆಳೆದೋರು. ಬನ್ನಿ, ಸಾರು ಆರೋಗುತ್ತೆ," ಎಂದು ಅವರನ್ನು ಕರೆದುಕೊಂಡು ಹೋದಳು.

ಊಟ ಮುಗಿಯಿತು. ತಟ್ಟೆ ತೊಳೆಯುವಲ್ಲಿ ದೆಲ್ಫಿನ್ ಜೆಲಿಕಾಳ ಪಕ್ಕ ಹೋಗಿ ನಿಂತಳು.

"ನನ್ನ ಮುಖಕ್ಕೆ ಉಗೀಬೇಕಿತ್ತು ನೀನು."

"ಅಯ್ಯೋ, ನಂಗೇನು ಹೊಸದಾ? ಸ್ಕೂಲಿಂದ ಬರೋವಾಗ ನೀನು ನಮ್ ಜೊತೆ ಇದ್ರೆ, ನಿಮ್ಮಪ್ಪ ಗಂಟೆ ನಾಲಿಗೇನ ಮುಷ್ಟೀಲಿ ಹಿಡ್ಕೊಂಡು, ಆ ಕಡೆ ಮುಖ ತಿರುಗಿಸ್ಕೊಂಡು ಹೋಗ್ತಿದ್ದ. ನಮ್ಮಮ್ಮ ಶಾಪ ಹಾಕೋಳು, 'ಇವತ್ತೂ ಬಾರಿಸ್ಲಿಲ್ಲ, ಮನೆಯೆಲ್ಲ ನಾತ' ಅಂತ. ಆಮೇಲೆ ಅವಳಿಗೂ ಅರ್ಥ ಆಯ್ತು."

"ನಿಮಗೆಲ್ಲ ಗೊತ್ತಿತ್ತಾ?"

"ಊರಿಗೇ ಗೊತ್ತಿತ್ತು ಕಣೇ. ತಟ್ಟೆ ಒರಸು."

ದೆಲ್ಫಿನ್ ತಟ್ಟೆ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಆ ದಾರಿಯಲ್ಲಿ, ಗೆಳತಿಯರ ನಡುವೆ, ಅಪ್ಪ ತನ್ನನ್ನು ನೋಡಿರಲಿಲ್ಲ ಎಂದೇ ಐವತ್ತು ವರ್ಷ ನಂಬಿದ್ದಳು.

ಸಂಜೆ ಆರಕ್ಕೆ ಐದು ನಿಮಿಷವಿರುವಾಗ, ಪ್ರತಿ ಆಗಸ್ಟ್ ಹಬ್ಬದಂತೆ, ಊರೆಲ್ಲ ಬೀದಿಗಿಳಿದು ಗದ್ದಲ ಮಾಡುವುದಿತ್ತು. ಹಿಂದೊಮ್ಮೆ ಇಂಗ್ಲಿಷರು ತಮ್ಮ ಹಿರಿಯರನ್ನು ಈ ನೆಲದಿಂದ ಅಟ್ಟಿದರೂ ಅಳಿಯದೆ ಇಲ್ಲೇ ಇದ್ದೇವೆ ಎಂದು ಲೋಕಕ್ಕೆ ಕೇಳಿಸುವ ಗದ್ದಲ. ಜನ ತಟ್ಟೆ, ಸೌಟು, ಬಕೆಟ್ಟು ಹಿಡಿದು ಇಗರ್ಜಿಯ ಮೆಟ್ಟಿಲ ಬಳಿ ಕಾಯುತ್ತಿದ್ದರು. ಅಲ್ಫೆ ಬಂದು ಹಳೇ ಅಂಗಿ ಬಿಚ್ಚಿದ. ಒಳಗೆ ಮರದ ಹಿಡಿ ಸವೆದ ಹಿತ್ತಾಳೆಯ ಗಂಟೆ.

"ಚಿಕ್ಕಪ್ಪ ಸತ್ತಾಗ ನೀನು ಗುಜರಿಗೆ ಹಾಕು ಅಂದಿದ್ದೆ. ನಾನು ಹಾಕ್ಲಿಲ್ಲ," ಎಂದ. ಇನ್ನೊಂದು ಕೈಯಲ್ಲಿ ಬಾಣಲೆಯ ಮುಚ್ಚಳವಿತ್ತು. "ಇದೂ ಇದೆ, ಅದೂ ಇದೆ. ನಿನ್ನಿಷ್ಟ ತಂಗಿ."

"ಎಲ್ರೂ ನೋಡ್ತಿದಾರಣ್ಣ."

"ನೋಡ್ಲಿ ಅಂತಾನೇ ತಂದಿದ್ದು."

ಕಾಲೇಜು ಮೇಡಂ ಕೂಡ ನೋಡುತ್ತಿದ್ದರು. ದೆಲ್ಫಿನ್ ಗಂಟೆ ತೆಗೆದುಕೊಂಡಳು. ಹೆದರಿಕೆಗೋ ಏನೋ, ಅವಳ ಇನ್ನೊಂದು ಕೈ ಅದರ ನಾಲಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಅಪ್ಪನೂ ಹೀಗೇ ಹಿಡಿದಿರಬೇಕು ಅನ್ನಿಸಿದಾಗ ಬಿಟ್ಟಳು. ಉಳಿದವರು ಶುರು ಮಾಡುವ ಮೊದಲೇ, ತಲೆ ತಗ್ಗಿಸಿಕೊಂಡು, ಮೂರು ಸಲ ಆಡಿಸಿದಳು.

ಎದುರು ಮನೆಯ ಮಹಡಿಯ ತೆರೆದ ಕಿಟಕಿಯಲ್ಲಿ, ಹಬ್ಬ ನೋಡಲು ಕುರ್ಚಿ ಹಾಕಿಕೊಂಡು ಕೂತಿದ್ದ ತೊಂಬತ್ತರ ಒಸಿತ್ ಅಜ್ಜಿ ಎದ್ದು, ಕೈಚಾಚಿ, ಕಿಟಕಿ ಮುಚ್ಚಿಕೊಂಡರು.